ಬಾಲಮಂದಿರದಿಂದ ಹೊರಬಂದವರ ಗೆಳೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನೆಂಟು ತುಂಬಿ ಸರ್ಕಾರಿ ಬಾಲಮಂದಿರಗಳಿಂದ, ಸ್ವಯಂಸೇವಾ ಸಂಸ್ಥೆಗಳು ನಡೆಸುವ ಮಕ್ಕಳ ನಿಲಯಗಳಿಂದ ಹೊರಬರುವ ಯುವಕ ಯುವತಿಯರ ಬಗ್ಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳುವವರಲ್ಲಿ ಅಧೀಕ್ಷಕರು, ಗೃಹಮಾತೆಯರು, ಆಪ್ತ ಸಮಾಲೋಚಕರು, ಕೆಲಸ ಕೊಟ್ಟ ಮಾಲೀಕರು ಇದ್ದಾರೆ. ಆ ಯುವಜನರೂ ಇದ್ದಾರೆ. ಕೆಲವು ಉತ್ತರಗಳು ದೊಡ್ಡವರಿಗೆ, ಕೆಲವು ನೇರವಾಗಿ ಅವರಿಗೇ.

ಇರಲು ಜಾಗ, ಓದು, ಉದ್ಯೋಗ ಇವೇ ಸರಿಯಾಗಿ ಸಿಗುತ್ತಿಲ್ಲ. ಅದರ ನಡುವೆ ಗೆಳೆತನದ ಮಾತೇಕೆ?

ಇರಲು ಜಾಗ ಮತ್ತು ಉದ್ಯೋಗ ಬಹಳ ಸಲ ಗೆಳೆಯರಿಂದಲೇ ಸಿಗುತ್ತದೆ ಎಂಬ ಕಾರಣಕ್ಕೆ. ಮನೆಯಲ್ಲಿ ಬೆಳೆದ ಹುಡುಗನಿಗೆ ಕೆಲಸ ಹೋದರೆ ಊರಿಗೆ ಹೋಗಿ ಎರಡು ತಿಂಗಳು ಕುಳಿತುಕೊಳ್ಳಲು ಸಾಧ್ಯ. ಬೈಸಿಕೊಂಡಾದರೂ ಊಟ ಮಾಡುತ್ತಾನೆ. ನಿಲಯದಲ್ಲಿ ಬೆಳೆದವನಿಗೆ ಆ ಊರಿಲ್ಲ. ಅವನು ಹೋಗುವುದು ತನಗಿಂತ ಎರಡು ವರ್ಷ ಮೊದಲು ಹೊರಬಿದ್ದ ಅಣ್ಣನ ರೂಮಿಗೆ. "ನಮ್ಮ ಗ್ಯಾರೇಜಿನಲ್ಲಿ ಒಬ್ಬರು ಬೇಕಂತೆ" ಎಂಬ ಸುದ್ದಿ ಬರುವುದೂ ಅಲ್ಲಿಂದಲೇ. ಜ್ವರ ಬಂದಾಗ ಗಂಜಿ ಕಾಯಿಸಿ ಕೊಡುವವರೂ ಅವರೇ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಾವು ಚಿಕ್ಕಂದಿನಲ್ಲಿ ಹೇಗಿದ್ದೆವು ಎಂದು ಹೇಳಲು ನಮಗೆಲ್ಲ ಅಮ್ಮನೋ ಚಿಕ್ಕಮ್ಮನೋ ಇರುತ್ತಾರೆ. ನಿಲಯದಲ್ಲಿ ಅಧೀಕ್ಷಕರು ವರ್ಗವಾಗುತ್ತಾರೆ, ಸಮಾಲೋಚಕರ ಗುತ್ತಿಗೆ ಮುಗಿಯುತ್ತದೆ, ಗೃಹಮಾತೆ ನಿವೃತ್ತರಾಗುತ್ತಾರೆ. ಏಳನೇ ತರಗತಿಯಲ್ಲಿ ನಿನಗೆ ಟೈಫಾಯ್ಡ್ ಬಂದಿತ್ತು, ಕತ್ತಲೆ ಎಂದರೆ ನೀನು ಹೆದರುತ್ತಿದ್ದೆ ಎಂಬುದೆಲ್ಲ ಕೊನೆಗೆ ನೆನಪಿರುವುದು ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವಳಿಗೆ ಮಾತ್ರ. ಅವಳು ಕೈಬಿಟ್ಟು ಹೋದರೆ ಒಬ್ಬ ಗೆಳತಿಯ ಜೊತೆಗೆ ಬಾಲ್ಯದ ಏಕೈಕ ಸಾಕ್ಷಿಯೂ ಹೋದಂತೆ.

ಕಾನೂನಿನಲ್ಲಿ ಇದಕ್ಕೆ ಏನಾದರೂ ಅವಕಾಶ ಇದೆಯೇ?

ಇದೆ, ಅನೇಕರು ತಿಳಿದಿರುವುದಕ್ಕಿಂತ ಹೆಚ್ಚೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಂ 18 ತುಂಬಿ ಸಂಸ್ಥೆಯಿಂದ ಹೊರಹೋಗುವವರಿಗೆ ಆರ್ಥಿಕ ನೆರವು ಕೊಡಬಹುದು ಎನ್ನುತ್ತದೆ. ಇದನ್ನು ಬಿಡಿಸಿ ಹೇಳುವುದು 2016ರ ಮಾದರಿ ನಿಯಮಗಳ 25ನೇ ನಿಯಮ. ಅದರ ಪ್ರಕಾರ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ, ಅನುಪಾಲನೆ, ಅಂದರೆ ನಿಲಯ ಬಿಟ್ಟ ಮೇಲಿನ ಆಸರೆ, ಸಿಗಬಹುದು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ನಿಗದಿಯಾಗಿದೆ.

ಅದೇ 25ನೇ ನಿಯಮದಲ್ಲಿ ನಮಗೆ ಬೇಕಾದ ಎರಡು ಮಾತುಗಳಿವೆ. ಆರರಿಂದ ಎಂಟು ಮಂದಿ ಒಟ್ಟಿಗೆ ವಾಸಿಸುವ ತಾತ್ಕಾಲಿಕ ಗುಂಪು ಮನೆ ಒಂದು. ಈ ಗುಂಪುಗಳ ಜೊತೆ ಸತತ ಸಂಪರ್ಕದಲ್ಲಿದ್ದು, ಅವರ ಮುಂದಿನ ದಾರಿಯ ಬಗ್ಗೆ ಮಾತಾಡುವ ಸಮಾಲೋಚಕ ಇನ್ನೊಂದು. ನಿಯಮ ಬರೆದವರಿಗೆ ಹದಿನೆಂಟರ ಹುಡುಗ ಒಬ್ಬನೇ ಬದುಕಲಾರ ಎಂಬುದು ಗೊತ್ತಿತ್ತು. ಜಾರಿಗೆ ತರುವಾಗ ಮಾತ್ರ ಗುಂಪು ಮನೆ ಎಂದರೆ ಎಷ್ಟು ಮಂಚ ಖಾಲಿ ಇದೆ ಎಂಬ ಲೆಕ್ಕವಾಗಿಬಿಡುತ್ತದೆ. ಯಾರ ಜೊತೆ ಯಾರು ಎಂಬುದನ್ನು ಕೇಳುವುದೇ ಇಲ್ಲ. ಕೇಳಿದರೆ ಸರ್ಕಾರಕ್ಕೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ನಿಲಯದಲ್ಲಿ ಇರುವಾಗಲೇ ನಾವು ಏನು ಮಾಡಬಹುದು?

ಹೊರಡುವ ದಿನವನ್ನೇ ನೋಡಿ. ಕಚೇರಿಯ ಮೇಜಿನ ಮೇಲೆ ಫೈಲು: ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಕಲ್ಯಾಣ ಸಮಿತಿಯ (ಮಕ್ಕಳನ್ನು ನಿಲಯಕ್ಕೆ ಸೇರಿಸುವ, ಬಿಡಿಸುವ ಅಧಿಕಾರವುಳ್ಳ ಸಮಿತಿ) ಆದೇಶದ ಪ್ರತಿ. ಒಂದೊಂದಕ್ಕೂ ಸಹಿ ಹಾಕಿಸಿಕೊಳ್ಳುತ್ತಾರೆ. ಹೊರಗೆ ಒಂದು ಟ್ರಂಕು, ಒಂದು ಬ್ಯಾಗು. ಉಳಿದ ಮಕ್ಕಳು ಶಾಲೆಗೆ ಹೋಗಿರುವ ಹೊತ್ತು, ಏಕೆಂದರೆ ಕಚೇರಿ ಕೆಲಸ ನಡೆಯುವುದೇ ಆ ಹೊತ್ತಿನಲ್ಲಿ. ಸಂಜೆ ಮಕ್ಕಳು ಬಂದು ನೋಡಿದಾಗ ಹಾಸಿಗೆ ಮಡಚಿದೆ. ಹೋದವಳ ಹತ್ತಿರ ಒಳಗಿರುವವರನ್ನು ಮಾತಾಡಿಸಲು ಯಾವ ನಂಬರೂ ಇಲ್ಲ, ಏಕೆಂದರೆ ನಿಲಯದ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಮೊಬೈಲ್ ಇರುವುದಿಲ್ಲ. ಇವಳಿಗೂ ಹೊಸ ಸಿಮ್ ಸಿಗುವುದು ಹೊರಗೆ ಹೋದ ಮೇಲೆ. ಎಂಟು ವರ್ಷದ ಗೆಳೆತನ ಯಾರ ಜಗಳವೂ ಇಲ್ಲದೆ, ಯಾರ ತಪ್ಪೂ ಇಲ್ಲದೆ, ಆ ಒಂದು ಮಧ್ಯಾಹ್ನದಲ್ಲಿ ಕಡಿದುಹೋಗುತ್ತದೆ.

ಇದನ್ನು ತಡೆಯುವುದು ಕಷ್ಟವೇನಲ್ಲ. ಬೀಳ್ಕೊಡುಗೆಯನ್ನು ಭಾನುವಾರ ಇಡಿ, ಎಲ್ಲರೂ ಇರಲಿ, ಒಂದು ಪಾಯಸವಾದರೂ ಇರಲಿ. ಹದಿನಾರು ದಾಟಿದ ಪ್ರತಿ ಮಗುವಿಗೂ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ಕೊಡಿ. ಅದರಲ್ಲಿ ಮೊದಲೇ ಹೊರಟವರ ನಂಬರು, ಕೆಲಸದ ಊರು, ನಿಲಯದ ದೂರವಾಣಿ ಸಂಖ್ಯೆ ಇವನ್ನೆಲ್ಲ ಅವರ ಕೈಯಿಂದಲೇ ಬರೆಸಿ. ಮೊಬೈಲ್ ಕಳೆದುಹೋಗುತ್ತದೆ, ಸಿಮ್ ಬದಲಾಗುತ್ತದೆ. ಟ್ರಂಕಿನ ತಳದಲ್ಲಿರುವ ಪುಸ್ತಕ ಉಳಿಯುತ್ತದೆ.

ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಬರೆಯಲೇಬೇಕು. ಅದರಲ್ಲಿ ಆರೋಗ್ಯ, ಓದು, ಕೌಶಲ ಎಲ್ಲವೂ ಬರುತ್ತದೆ. ಅಲ್ಲಿಯೇ "ಈಕೆಯ ಹತ್ತಿರದ ಗೆಳತಿಯರು ಯಾರು, ಅವರು ಯಾವಾಗ ಹೊರಡುತ್ತಾರೆ, ಆಮೇಲೆ ಹೇಗೆ ಸಂಪರ್ಕ" ಎಂದು ನಾಲ್ಕು ಸಾಲು ಬರೆಯಿರಿ. ಒಬ್ಬಳು ಜೂನ್‌ನಲ್ಲಿ, ಇನ್ನೊಬ್ಬಳು ನವೆಂಬರ್‌ನಲ್ಲಿ ಹೊರಡುವುದಾದರೆ ಇಬ್ಬರ ಅನುಪಾಲನೆಯನ್ನೂ ಒಂದೇ ಊರಿನಲ್ಲಿ ಕೋರಬಹುದಲ್ಲ? ಬೇರೆ ಜಿಲ್ಲೆಗೆ ವರ್ಗಾಯಿಸುವ ಮಾತು ಬಂದಾಗಲೂ ಈ ನಾಲ್ಕು ಸಾಲನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಇಡಿ.

ಇನ್ನೊಂದು, ನಿಯಮಗಳು ಹೇಳುವ ಮಕ್ಕಳ ಸಮಿತಿಗಳನ್ನು ಕಾಗದದಲ್ಲಿ ಮುಗಿಸಬೇಡಿ. 6ರಿಂದ 10, 11ರಿಂದ 15, 16ರಿಂದ 18 ಎಂದು ಮೂರು ವಯೋಗುಂಪಿಗೆ ಮಕ್ಕಳೇ ಇರುವ ಸಮಿತಿಗಳು ಇರಬೇಕು. ಪರಸ್ಪರ ಗೌರವದಿಂದ ಇರುವುದು, ಸಂಕಟದಲ್ಲಿ ಒಬ್ಬರಿಗೊಬ್ಬರು ಆಗುವುದು ಅವುಗಳ ಕೆಲಸದಲ್ಲಿ ಸೇರಿದೆ. ಜಗಳವಾದ ಮೇಲೆ ಮತ್ತೆ ಮಾತಾಡುವುದನ್ನು ಮಕ್ಕಳು ಕಲಿಯುವ ಜಾಗ ಅದು.

ಅಣ್ಣ ತಂಗಿಯರು ಬೇರೆ ಬೇರೆ ನಿಲಯದಲ್ಲಿದ್ದರೆ?

ಶಿಶುಮಂದಿರದಲ್ಲಿ ಒಟ್ಟಿಗಿದ್ದವರು ಆರು ವರ್ಷವಾದ ಮೇಲೆ ಬಾಲಕರ ಬಾಲಮಂದಿರಕ್ಕೆ ಒಬ್ಬ, ಬಾಲಕಿಯರ ಬಾಲಮಂದಿರಕ್ಕೆ ಒಬ್ಬಳು ಎಂದು ಬೇರೆಯಾಗುತ್ತಾರೆ. ತಿಂಗಳಿಗೊಮ್ಮೆ ಭೇಟಿ, ವಾರಕ್ಕೊಮ್ಮೆ ಕಚೇರಿಯ ದೂರವಾಣಿಯಿಂದ ಮಾತು, ಇಷ್ಟನ್ನು ಹಕ್ಕು ಎಂದೇ ತಿಳಿದು ನಡೆಸಬೇಕು. ಒಡಹುಟ್ಟಿದವರು ಅಪರಿಚಿತರಾಗಿಬಿಟ್ಟರೆ ಹದಿನೆಂಟರ ನಂತರ ಅದನ್ನು ಹೊಲಿಯುವುದು ಬಹಳ ಕಷ್ಟ.

ಒಂದೇ ನಿಲಯದಲ್ಲಿ ಬೆಳೆದವರು ಹೊರಗೂ ಒಟ್ಟಿಗಿದ್ದರೆ ಹಾಳಾಗುತ್ತಾರೆ, ಮುಖ್ಯವಾಹಿನಿಗೆ ಸೇರುವುದಿಲ್ಲ ಎನ್ನುತ್ತಾರಲ್ಲ?

ಈ ಮಾತನ್ನು ಒಳ್ಳೆಯ ಮನಸ್ಸಿನವರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ಹಳ್ಳಿಯಿಂದ ಬೆಂಗಳೂರಿಗೆ ಬಂದ ನಾಲ್ವರು ಒಂದೇ ಮನೆ ಮಾಡಿಕೊಂಡರೆ ಯಾರೂ ಹಾಗೆನ್ನುವುದಿಲ್ಲ. ಊರವರು ಜೊತೆಗಿದ್ದಾರಲ್ಲ ಎಂದು ನೆಮ್ಮದಿಪಡುತ್ತಾರೆ. ನಿಲಯದ ಮಕ್ಕಳಿಗೆ ಮಾತ್ರ ಬೇರೆ ನ್ಯಾಯವೇಕೆ?

ಹಾಳಾಗುವುದಕ್ಕೆ ಕಾರಣಗಳು ಬೇರೆ ಇವೆ. ಕೈಯಲ್ಲಿ ದುಡ್ಡಿಲ್ಲದಿರುವುದು, ರಾತ್ರಿ ಪಾಳಿಯ ಕೆಲಸ, ಕೇಳುವವರಿಲ್ಲ ಎಂದು ತಿಳಿದು ಬಳಸಿಕೊಳ್ಳುವ ಹೊರಗಿನವರು. ಇವುಗಳಿಂದ ಮೊದಲು ಎಚ್ಚರಿಸುವವರು ಹಳೆಯ ಗೆಳೆಯರೇ. ಹಾಗೆಂದು ನಿಲಯದ ಎಲ್ಲ ಸಂಬಂಧವೂ ಒಳ್ಳೆಯದು ಎನ್ನುವಂತಿಲ್ಲ. ಒಳಗೆ ಹೊಡೆದು ಹೆದರಿಸುತ್ತಿದ್ದವನು ಹೊರಗೂ ಬಂದು ಸಂಬಳದಲ್ಲಿ ಪಾಲು ಕೇಳುವುದುಂಟು. ಆದ್ದರಿಂದ ಯಾರ ಜೊತೆ ಇರಲು ಇಷ್ಟ, ಯಾರ ಜೊತೆ ಇರಲು ಭಯ ಎಂದು ಪ್ರತಿಯೊಬ್ಬರನ್ನೂ ಒಂಟಿಯಾಗಿ ಕೂರಿಸಿ ಕೇಳಬೇಕು. ಗುಂಪಿನಲ್ಲಿ ಕೇಳಿದರೆ ನಿಜ ಹೊರಬರುವುದಿಲ್ಲ.

ಹೊರಗೆ ಹೋದವರು ನಿಲಯಕ್ಕೆ ಬಂದು ಕಿರಿಯರನ್ನು ನೋಡಬಹುದೇ?

ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅವರು ಈಗ ವಯಸ್ಕರು, ಒಳಗಿರುವವರು ಮಕ್ಕಳು. ಆದ್ದರಿಂದ ಅಧೀಕ್ಷಕರ ಅನುಮತಿ, ಭೇಟಿ ಪುಸ್ತಕದಲ್ಲಿ ಸಹಿ, ಎಲ್ಲರಿಗೂ ಕಾಣುವ ಹಜಾರದಲ್ಲಿ ಸಿಬ್ಬಂದಿಯ ಎದುರು ಮಾತುಕತೆ, ಇವಿಷ್ಟು ಬೇಕೇ ಬೇಕು. ಬರುವವರು ಇದನ್ನು ಅವಮಾನ ಎಂದುಕೊಳ್ಳಬಾರದು. ಸಿಬ್ಬಂದಿಯೂ ಗೇಟಿನಲ್ಲಿ ಅವರನ್ನು ಅಪರಿಚಿತರಂತೆ ನಿಲ್ಲಿಸಬಾರದು. ನಿನ್ನೆಯವರೆಗೆ ಅದು ಅವರ ಮನೆಯಾಗಿತ್ತು. ವರ್ಷದಲ್ಲಿ ಎರಡು ದಿನ, ಬೇಸಿಗೆ ರಜೆಯಲ್ಲಿ ಒಂದು, ದೀಪಾವಳಿಯ ಆಸುಪಾಸಿನಲ್ಲಿ ಒಂದು, ಹಳಬರ ದಿನ ಎಂದು ಗೊತ್ತು ಮಾಡಿಬಿಟ್ಟರೆ ಪ್ರತಿಯೊಬ್ಬರೂ ಬಂದು ಬೇಡುವ ಪ್ರಮೇಯವಿರುವುದಿಲ್ಲ.

ಒಟ್ಟಿಗೆ ತೆಗೆಸಿಕೊಂಡ ಫೋಟೊವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬಹುದೇ?

ಹದಿನೆಂಟಾಗದವರು ಅದರಲ್ಲಿದ್ದರೆ ಬೇಡ. ನಿಲಯದ ಮಗುವಿನ ಗುರುತು ತಿಳಿಯುವಂತೆ ಹೆಸರು, ಚಿತ್ರ, ಶಾಲೆ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಆಗಬಹುದು. ಹುಟ್ಟುಹಬ್ಬಕ್ಕೆ ಕೇಕ್ ತಂದು ಮಕ್ಕಳ ಜೊತೆ ಫೋಟೊ ತೆಗೆದು ಹಂಚುವ ದಾನಿಗಳಿಗೂ ಇದು ಅನ್ವಯಿಸುತ್ತದೆ. ಎಲ್ಲರೂ ವಯಸ್ಕರಾಗಿದ್ದರೆ ಪ್ರತಿಯೊಬ್ಬರನ್ನೂ ಕೇಳಿ ಹಾಕಿ. ತನ್ನ ಹಿನ್ನೆಲೆಯನ್ನು ಕಚೇರಿಯಲ್ಲಿ ಹೇಳಿಕೊಳ್ಳದವಳು ಒಬ್ಬಳಿರಬಹುದು.

ಮೂವರು ಗೆಳೆಯರು ಸೇರಿ ರೂಮು ಮಾಡುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?

ದುಡ್ಡಿನ ಮಾತನ್ನು ಮೊದಲ ದಿನವೇ ಆಡಿ. ನಿಲಯದಲ್ಲಿ ಸೋಪಿನಿಂದ ಹಿಡಿದು ಅಕ್ಕಿಯವರೆಗೆ ಎಲ್ಲವೂ ಬರುತ್ತಿತ್ತು. ಯಾರು ಎಷ್ಟು ಎಂಬ ಲೆಕ್ಕವೇ ಇರಲಿಲ್ಲ. ಹೊರಗೆ ಗೆಳೆತನ ಒಡೆಯುವುದು ಹೆಚ್ಚಾಗಿ ಇಲ್ಲೇ. ಅಡ್ವಾನ್ಸ್ ಯಾರು ಎಷ್ಟು ಕೊಟ್ಟಿರಿ, ಕರಾರು ಯಾರ ಹೆಸರಿನಲ್ಲಿದೆ, ಒಬ್ಬರು ನಡುವೆ ಬಿಟ್ಟರೆ ಅವರ ಪಾಲು ಯಾವಾಗ ವಾಪಸು, ಇದನ್ನು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿ, ಮೂವರ ಮೊಬೈಲಿನಲ್ಲೂ ಅದರ ಚಿತ್ರ ಇಟ್ಟುಕೊಳ್ಳಿ. ಗ್ಯಾಸ್, ಅಕ್ಕಿ, ಕರೆಂಟು ಬಿಲ್ಲಿಗೆ ಅಡುಗೆಮನೆಯ ಗೋಡೆಗೆ ಒಂದು ಪುಸ್ತಕ ತೂಗುಹಾಕಿ, ಖರ್ಚು ಮಾಡಿದವರು ಆ ದಿನವೇ ಬರೆಯಲಿ. ಅಡುಗೆ ಸರದಿಯ ಮೇಲೆ ಇರಲಿ. ನಿಲಯದಲ್ಲಿ ನೂರು ಜನಕ್ಕೆ ಅಡುಗೆಯಾಗುವುದನ್ನು ನೋಡಿದವರಿಗೆ ಮೂರು ಜನಕ್ಕೆ ಎಷ್ಟು ಅಕ್ಕಿ ಎಂಬುದು ತಿಳಿದಿರುವುದಿಲ್ಲ, ಅದಕ್ಕೆ ನಾಚಿಕೆ ಬೇಡ.

ಸಾಲ ಕೇಳಿದ ಗೆಳೆಯನಿಗೆ, ವಾಪಸು ಬರದಿದ್ದರೂ ತಡೆದುಕೊಳ್ಳುವಷ್ಟನ್ನು ಮಾತ್ರ ಕೊಡಿ. ಅವನಿಗಾಗಿ ಬೇರೆಯವರ ಹತ್ತಿರ ಸಾಲ ಮಾಡಬೇಡಿ.

ಗೆಳೆಯ ನನ್ನ ಬ್ಯಾಂಕ್ ಖಾತೆಗೆ ಹಣ ಹಾಕಿಸುತ್ತೇನೆ ಎನ್ನುತ್ತಾನೆ. ಕೊಡಲೇ?

ಬೇಡ. ಖಾತೆ, ಎಟಿಎಂ ಕಾರ್ಡು, ನಿಮ್ಮ ಹೆಸರಿನ ಸಿಮ್, ಒಟಿಪಿ ಯಾವುದನ್ನೂ ಕೊಡಬೇಡಿ. ಸೈಬರ್ ವಂಚಕರಿಗೆ ಬೇರೆಯವರ ಖಾತೆಗಳು ಬೇಕಾಗಿರುತ್ತವೆ. ಕಮಿಷನ್ ಆಸೆ ತೋರಿಸಿ, ಒಂಟಿಯಾಗಿರುವ ಹೊಸಬರನ್ನೇ ಹಿಡಿಯುತ್ತಾರೆ. ಹಣ ಬಂದದ್ದು ಯಾರ ಖಾತೆಗೋ ಪೊಲೀಸರು ಮೊದಲು ಕೇಳುವುದು ಅವರನ್ನೇ. ಕೇಳಿದ ಗೆಳೆಯನೂ ಮೋಸ ಹೋಗಿರಬಹುದು, ಅವನಿಗೂ ಇದನ್ನು ಹೇಳಿ. ಈಗಾಗಲೇ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೊಸ ಗೆಳೆಯರಿಗೆ ನನ್ನ ಹಿನ್ನೆಲೆ ಹೇಳಬೇಕೇ?

ನಿಮ್ಮ ಇಷ್ಟ. ನಮ್ಮಲ್ಲಿ ಪರಿಚಯವಾದ ಐದು ನಿಮಿಷಕ್ಕೆ ಯಾವ ಊರು, ಅಪ್ಪ ಏನು ಮಾಡುತ್ತಾರೆ, ಯಾವ ಜನ ಎಂಬ ಪ್ರಶ್ನೆಗಳು ಬಂದುಬಿಡುತ್ತವೆ. ಅದಕ್ಕೆ ಒಂದು ಚಿಕ್ಕ, ನಿಜವಾದ ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. "ನಾನು ಹಾಸ್ಟೆಲಿನಲ್ಲಿ ಓದಿ ಬೆಳೆದೆ" ಎಂದು ಹೇಳಿ ಮಾತು ಬದಲಿಸಿದರೆ ಸುಳ್ಳು ಹೇಳಿದಂತಲ್ಲ. ಕಟ್ಟುಕತೆ ಮಾತ್ರ ಬೇಡ. ಅಪ್ಪ ದುಬೈಯಲ್ಲಿದ್ದಾರೆ ಎಂದು ಒಮ್ಮೆ ಹೇಳಿದರೆ ಆ ಸುಳ್ಳನ್ನು ವರ್ಷಗಟ್ಟಲೆ ಕಾಪಾಡುತ್ತಾ ಇರಬೇಕಾಗುತ್ತದೆ, ಗೆಳೆತನ ಗಟ್ಟಿಯಾದಷ್ಟೂ ಭಯ ಹೆಚ್ಚುತ್ತದೆ. ಪೂರ್ತಿ ಕತೆ ಹೇಳುವುದಾದರೆ, ನೀವು ಹೇಳಿದ ಚಿಕ್ಕಪುಟ್ಟ ಗುಟ್ಟುಗಳನ್ನು ಬೇರೆಯವರ ಮುಂದೆ ಆಡದೆ ಉಳಿಸಿಕೊಂಡವರಿಗೆ ಹೇಳಿ.

ಪಿಜಿ ಅರ್ಜಿಯಲ್ಲಿ ಪೋಷಕರ ಮೊಬೈಲ್ ಸಂಖ್ಯೆ ಕೇಳುತ್ತಾರೆ. ಅಲ್ಲಿ ಯಾರ ನಂಬರು ಬರೆಯಬೇಕು ಎಂಬುದು ಹೊರಡುವ ಮೊದಲೇ ತೀರ್ಮಾನವಾಗಿರಬೇಕು. ಹಿರಿಯ ಅಕ್ಕನೊಬ್ಬಳ ಅಥವಾ ಒಪ್ಪಿದ ಸಮಾಲೋಚಕರೊಬ್ಬರ ನಂಬರು ಆಗಬಹುದು.

ಗೆಳೆತನ ಪ್ರೀತಿಗೆ ತಿರುಗಿದರೆ?

ಇಬ್ಬರೂ ವಯಸ್ಕರಾಗಿದ್ದರೆ ಅದು ಅವರ ಬದುಕು. ನಿಲಯಕ್ಕೆ ಕೆಟ್ಟ ಹೆಸರು ಎಂಬ ಬೈಗುಳದಿಂದ ಅವರು ಮುಚ್ಚಿಡುವುದನ್ನು ಕಲಿಯುತ್ತಾರೆ ಅಷ್ಟೇ. ಒಬ್ಬರಿಗೆ ಹದಿನೆಂಟು ಆಗಿಲ್ಲದಿದ್ದರೆ ಒಪ್ಪಿಗೆ ಇದ್ದರೂ ದೈಹಿಕ ಸಂಬಂಧ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಹತ್ತೊಂಬತ್ತರ ಹುಡುಗನಿಗೆ ಇದನ್ನು ಹೆದರಿಸುವ ದನಿಯಲ್ಲಿ ಹೇಳಬೇಡಿ, ಆದರೆ ಹೇಳದೆ ಇರಲೂಬೇಡಿ. ಮದುವೆಗೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು ಎಂಬುದೂ ತಿಳಿದಿರಲಿ.

ಯಾರ ಜೊತೆಯೂ ಸೇರದ ಹುಡುಗನನ್ನು ಹೇಗೆ ಹತ್ತಿರ ತರುವುದು?

ಗುಂಪಿಗೆ ತಳ್ಳಬೇಡಿ. ಬಹಳ ಸಲ ಮನೆ, ಊರು, ನಿಲಯ ಬದಲಾದ ಮಗು "ಹೇಗೂ ಹೋಗುತ್ತಾರೆ" ಎಂದು ಮೊದಲೇ ದೂರ ನಿಲ್ಲುತ್ತದೆ. ಮುಖಾಮುಖಿ ಕೂರಿಸಿ ಮಾತಾಡಿಸುವುದಕ್ಕಿಂತ ಪಕ್ಕಪಕ್ಕ ನಿಂತು ಮಾಡುವ ಕೆಲಸ ಹೆಚ್ಚು ಫಲ ಕೊಡುತ್ತದೆ: ಸೈಕಲ್ ರಿಪೇರಿ, ಕೇರಂ, ಚಪಾತಿ ಲಟ್ಟಿಸುವುದು. ಒಬ್ಬ ಗೆಳೆಯ ಸಿಕ್ಕರೂ ಸಾಕು. ಊಟ ಬಿಟ್ಟು, ನಿದ್ದೆ ಬಿಟ್ಟು, ಸಾಯುವ ಮಾತಾಡಿದರೆ ಅದು ಸ್ವಭಾವವಲ್ಲ, ನೆರವಿನ ಅಗತ್ಯ. 14416 ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಉಚಿತವಾಗಿ ಮಾತಾಡಬಹುದು. ಹದಿನೆಂಟರೊಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ.

ನಾನು ಸ್ವಯಂಸೇವಕಿ. ಅವರ ಗೆಳೆತನಕ್ಕೆ ನಾನೇನು ಮಾಡಬಹುದು?

ಜಾಗ ಕೊಡಿ, ಪ್ರಯಾಣದ ಖರ್ಚು ಕೊಡಿ, ಆಮೇಲೆ ಸ್ವಲ್ಪ ಹಿಂದೆ ಸರಿಯಿರಿ. ಪೀಣ್ಯದಲ್ಲಿ ಒಬ್ಬ, ಹೊಸಕೋಟೆಯಲ್ಲಿ ಒಬ್ಬ, ಬಿಡದಿಯಲ್ಲಿ ಒಬ್ಬ ಕೆಲಸ ಮಾಡುತ್ತಿದ್ದರೆ ಭಾನುವಾರ ಸೇರಲು ಅವರಿಗೆ ತಡೆಯಾಗಿರುವುದು ಬಸ್ ದರ ಮತ್ತು ಕೂರಲು ಜಾಗ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡದೆ ಓಡಾಡಬಹುದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ನಿಲಯದಿಂದ ಹೊರಡುವ ಹುಡುಗಿಯ ಆಧಾರ್ ಸರಿಯಿದ್ದರೆ ಗೆಳತಿಯನ್ನು ಕಾಣುವ ದಾರಿಯೂ ತೆರೆದಂತೆ. ಗಂಡುಹುಡುಗರಿಗೆ ಆ ಸೌಲಭ್ಯವಿಲ್ಲ, ದಾನಿಗಳು ಅಲ್ಲಿ ನೆರವಾಗಬಹುದು. ಸಮುದಾಯ ಭವನವೋ ಶಾಲೆಯ ಕೊಠಡಿಯೋ ತಿಂಗಳಿಗೊಮ್ಮೆ ಮಧ್ಯಾಹ್ನ ತೆರೆದಿರಲಿ. ಭಾಷಣ ಬೇಡ, ಬ್ಯಾನರ್ ಬೇಡ. ಅನ್ನ, ಸಾರು, ಬೇಕಾದಷ್ಟು ಹೊತ್ತು.

ನೀವು ಎಷ್ಟು ಕಾಲ ಬರುತ್ತೀರಿ ಎಂಬುದನ್ನು ಮೊದಲೇ ಹೇಳಿ. ಆರು ತಿಂಗಳು ಎಂದರೆ ಆರು ತಿಂಗಳು. ಹೇಳದೆ ನಿಂತುಬಿಡುವವರನ್ನು ಅವರು ಬದುಕಿನಲ್ಲಿ ಸಾಕಷ್ಟು ಕಂಡಿದ್ದಾರೆ.

ಹಬ್ಬ, ಮದುವೆ, ಆಸ್ಪತ್ರೆ: ಇಂಥ ದಿನಗಳಲ್ಲಿ?

ದೀಪಾವಳಿಗೆ ಪಿಜಿ ಖಾಲಿಯಾಗುತ್ತದೆ, ಮೆಸ್ ಮುಚ್ಚುತ್ತದೆ. ಆ ಮೂರು ದಿನ ಎಲ್ಲಿ ಸೇರುವುದು ಎಂಬುದನ್ನು ಹದಿನೈದು ದಿನ ಮೊದಲೇ ಗೊತ್ತು ಮಾಡಿಕೊಳ್ಳಿ. ಕೆಲಸ ಕೊಟ್ಟವರಿಗೂ ಒಂದು ಮಾತು: ಊರಿಲ್ಲದವನು ಎಂದು ಪ್ರತಿ ಹಬ್ಬದ ಪಾಳಿಯನ್ನೂ ಅವನ ತಲೆಗೆ ಕಟ್ಟಬೇಡಿ.

ಮದುವೆಯಲ್ಲಿ ತವರಿನ ಕಡೆಯವರು ಯಾರು ಎಂಬ ಪ್ರಶ್ನೆ ಹುಡುಗಿಯನ್ನು ಬಹಳ ನೋಯಿಸುತ್ತದೆ. ಆ ಸಾಲಿನಲ್ಲಿ ನಿಲಯದ ಗೆಳತಿಯರು ನಿಲ್ಲಲಿ. ಸೀಮಂತಕ್ಕೆ ಬಳೆ ಹಿಡಿದು, ಮಡಿಲಕ್ಕಿ ತಂದು, ಅವರೇ ತವರಾಗಲಿ. ಇನ್ನೂ ನಿಲಯದಲ್ಲಿರುವ ಕಿರಿಯಳು ಬರಬೇಕಾದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು. ಬಾಲನ್ಯಾಯ ಕಾಯ್ದೆಯ 98ನೇ ಕಲಂ ಬಂಧುಗಳ ಮದುವೆಯಂಥ ವಿಶೇಷ ಸಂದರ್ಭಗಳಿಗೆ ಸಾಮಾನ್ಯವಾಗಿ ಏಳು ದಿನ ಮೀರದ ರಜೆಗೆ ಅವಕಾಶ ಕೊಡುತ್ತದೆ. ಒಟ್ಟಿಗೆ ಬೆಳೆದ ಅಕ್ಕನನ್ನೂ ಬಂಧು ಎಂದು ಕಾಣಿ ಎಂದು ಅರ್ಜಿಯಲ್ಲಿ ಬರೆದು ಕೇಳಿ.

ಆಸ್ಪತ್ರೆಯಲ್ಲಿ ವಯಸ್ಕರಾದವರು ಪ್ರಜ್ಞೆಯಲ್ಲಿದ್ದರೆ ತಮ್ಮ ಚಿಕಿತ್ಸೆಗೆ ತಾವೇ ಸಹಿ ಹಾಕಬಹುದು. ಜೊತೆಗೆ ಉಳಿಯುವವರಾಗಿ ಗೆಳೆಯರು ಬರಬಹುದು. ರಕ್ತದ ಗುಂಪು, ಔಷಧದ ಅಲರ್ಜಿ ಒಬ್ಬರಿಗೊಬ್ಬರು ತಿಳಿದಿರಲಿ. ಬ್ಯಾಂಕ್ ಖಾತೆಗೆ ಗೆಳೆಯರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ. ಭವಿಷ್ಯ ನಿಧಿಯಲ್ಲಿ ಕುಟುಂಬ ಇಲ್ಲದವರು ಯಾರನ್ನಾದರೂ ಹೆಸರಿಸಬಹುದು, ಆದರೆ ಮದುವೆಯಾಗಿ ಕುಟುಂಬ ಬಂದೊಡನೆ ಆ ನಾಮನಿರ್ದೇಶನ ಬಿದ್ದುಹೋಗುತ್ತದೆ, ಹೊಸದಾಗಿ ಕೊಡಬೇಕು.

ನನ್ನ ಗೆಳತಿಯ ನಂಬರು ನನ್ನ ಹತ್ತಿರ ಇಲ್ಲ. ಅವಳು ಎಲ್ಲಿದ್ದಾಳೋ. ಹುಡುಕಬಹುದೇ?

ಹುಡುಕಬಹುದು. ನೀವಿಬ್ಬರೂ ಇದ್ದ ನಿಲಯಕ್ಕೆ, ಇಲ್ಲವೇ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಒಂದು ಪತ್ರ ಬರೆಯಿರಿ. ನಿಮ್ಮ ಹೆಸರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಇದ್ದಿರಿ, ಗೆಳತಿಯ ಹೆಸರು ಬರೆಯಿರಿ. ಅವಳ ವಿಳಾಸ ಕೊಡಿ ಎಂದು ಕೇಳಬೇಡಿ, ಅವರು ಕೊಡುವಂತಿಲ್ಲ, ಕೊಡಲೂಬಾರದು. ಬದಲಿಗೆ "ನನ್ನ ನಂಬರು ಅವಳಿಗೆ ತಲುಪಿಸಿ, ಇಷ್ಟವಿದ್ದರೆ ಅವಳೇ ಕರೆ ಮಾಡಲಿ" ಎಂದು ಬರೆದು, ಮಡಚಿದ ಒಂದು ಚೀಟಿಯನ್ನೂ ಜೊತೆಗಿಡಿ. ಮೂರು ವಾರ ಉತ್ತರ ಬರದಿದ್ದರೆ ಖುದ್ದಾಗಿ ಹೋಗಿ, ಪತ್ರದ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಿಮ್ಮ ನಂಬರು ಬದಲಾದರೆ ಮತ್ತೆ ತಿಳಿಸಿ, ಅವಳು ಒಂದು ವರ್ಷದ ನಂತರವೂ ಕೇಳಿಕೊಂಡು ಬರಬಹುದು.